ಅನ್ನಪ್ರಾಶನಕ್ಕೆ ‘ಒಂದು ಒಳ್ಳೆ ಟೈಮ್’ ಕೇಳುವವರಿಗೆ

“ಶಾಸ್ತ್ರಿಗಳೇ, ಪಾಪುಗೆ ಅನ್ನಪ್ರಾಶನ ಮಾಡಬೇಕು. ಭಾನುವಾರವೇ ಆಗಬೇಕು, ಹನ್ನೊಂದರ ಮೇಲಿರಲಿ. ಒಂದು ಒಳ್ಳೆ ಟೈಮ್ ಹೇಳಿಬಿಡಿ.”

ಮೈಸೂರಿನಲ್ಲಿ ಪೌರೋಹಿತ್ಯ ಮಾಡಿಕೊಂಡಿರುವ ನನಗೆ ಈ ಪ್ರಶ್ನೆ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಹಾಲ್ ಬುಕ್ ಆಗಿರುತ್ತದೆ, ಅಡುಗೆಯವರಿಗೆ ಅಡ್ವಾನ್ಸ್ ಹೋಗಿರುತ್ತದೆ. ಮಗುವಿಗೆ ಎಷ್ಟು ತಿಂಗಳು, ಯಾವ ನಕ್ಷತ್ರ, ಹುಷಾರಾಗಿದೆಯೇ, ಇದೆಲ್ಲ ನಾನೇ ಕೇಳಿ ತಿಳಿಯಬೇಕು. ಎಲ್ಲ ತಾವೇ ನಿಶ್ಚಯ ಮಾಡಿಕೊಂಡು, ಕೊನೆಗೆ ಪಂಚಾಂಗದ ಹತ್ತಿರ ಒಂದು ರುಜು ಹಾಕಿಸಿಕೊಳ್ಳಲು ಬಂದವರ ಹಾಗೆ ಮಾತಾಡುತ್ತಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ತಿಂಗಳು. ಗಂಟೆಯಲ್ಲ, ವಾರವಲ್ಲ, ತಿಂಗಳು. ಮನೆಯಲ್ಲಿ ಮಾಡುವ ಸಂಸ್ಕಾರಗಳ ವಿಧಿ ಹೇಳುವ ಹಳೆಯ ಗ್ರಂಥ ಆಶ್ವಲಾಯನ ಗೃಹ್ಯಸೂತ್ರ ಆರನೇ ತಿಂಗಳಲ್ಲಿ ಅನ್ನಪ್ರಾಶನ ಎನ್ನುತ್ತದೆ. ಮನುಸ್ಮೃತಿಯೂ ಆರನೇ ತಿಂಗಳನ್ನೇ ಹೇಳಿ, ಅದರ ಬೆನ್ನಿಗೇ “ಯದ್ವೇಷ್ಟಂ ಮಂಗಲಂ ಕುಲೇ” ಎಂದು ಸೇರಿಸುತ್ತದೆ. ಅಂದರೆ ನಿಮ್ಮ ಮನೆತನದಲ್ಲಿ ಯಾವುದು ಮಂಗಳವೆಂದು ನಡೆದುಬಂದಿದೆಯೋ ಅದೂ ಸರಿಯೇ. ಆಮೇಲಿನ ಮುಹೂರ್ತ ಗ್ರಂಥಗಳು ಗಂಡು ಮಗುವಿಗೆ ಆರರಿಂದ ಮೇಲೆ ಸಮ ತಿಂಗಳು, ಹೆಣ್ಣು ಮಗುವಿಗೆ ಐದರಿಂದ ಮೇಲೆ ಬೆಸ ತಿಂಗಳು ಎಂದು ವಿಂಗಡಿಸಿದವು. ಮಕ್ಕಳ ಡಾಕ್ಟರು ಹೇಳುವುದು ಆರು ತಿಂಗಳು ತುಂಬುವವರೆಗೆ, ಅಂದರೆ 180 ದಿನ, ತಾಯಿಯ ಹಾಲು ಮಾತ್ರ ಎಂದು. ವಿಶ್ವ ಆರೋಗ್ಯ ಸಂಸ್ಥೆಯದೂ ಇದೇ ಸಲಹೆ.

ಇಲ್ಲಿ ಜಗಳ ಹುಡುಕುವವರಿದ್ದಾರೆ. ನನಗೆ ಜಗಳ ಕಾಣುವುದಿಲ್ಲ. ಹೆಣ್ಣು ಮಗುವಿಗೆ ಆರು ತುಂಬಿ ಏಳಕ್ಕೆ ಬಿದ್ದಾಗ ಮಾಡಿ, ಪಂಚಾಂಗವೂ ಒಪ್ಪುತ್ತದೆ, ಡಾಕ್ಟರೂ ಒಪ್ಪುತ್ತಾರೆ. ಐದನೇ ತಿಂಗಳಿಗೆ ದಿನ ಕೇಳಿದರೆ ನಾನು ಕೊಡುವುದಿಲ್ಲ, ಎಷ್ಟು ಒತ್ತಾಯ ಮಾಡಿದರೂ ಕೊಡುವುದಿಲ್ಲ. ಗಂಡು ಮಗುವಾದರೆ ಆರನೇ ತಿಂಗಳ ಕೊನೆಯ ದಿನಗಳನ್ನು ಹಿಡಿಯಿರಿ. ಅವತ್ತು ಬೆರಳ ತುದಿಯಷ್ಟು ರುಚಿ ತೋರಿಸಿದರೆ ಸಾಕು, ದಿನಾ ತಿನ್ನಿಸುವುದನ್ನು ಆರು ತುಂಬಿದ ಮೇಲೆ ಶುರುಮಾಡಿ. ಆ ರುಚಿಯನ್ನೂ ಆರು ತುಂಬಿದ ಮೇಲೆಯೇ ಕೊಡಿ ಎಂದು ನಿಮ್ಮ ಡಾಕ್ಟರು ಹೇಳಿದರೆ ಹಾಗೇ ಮಾಡಿ, ಮನೆತನದ ರೂಢಿಗೆ ಜಾಗವಿದೆ ಎಂದು ಮೇಲೆ ಹೇಳಿದ್ದೇನಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ನನ್ನನ್ನು ಕೇಳಬೇಡಿ. ಮೊದಲು ಡಾಕ್ಟರನ್ನು ಕೇಳಿ, ಅವರು ಹೇಳಿದ ತಿಂಗಳಿನಲ್ಲಿ ನಾನು ದಿನ ಹುಡುಕಿಕೊಡುತ್ತೇನೆ.

ಈಗ ದಿನ. ಅನ್ನಪ್ರಾಶನಕ್ಕೆ ಮುಹೂರ್ತ ಚಿಂತಾಮಣಿ ಎಂಬ ಗ್ರಂಥ ಕೊಡುವ ಲೆಕ್ಕ ಹೀಗಿದೆ. ಚೌತಿ, ನವಮಿ, ಚತುರ್ದಶಿ ರಿಕ್ತಾ ತಿಥಿಗಳು, ಬೇಡ. ಪಾಡ್ಯ, ಷಷ್ಠಿ, ಏಕಾದಶಿ ಬೇಡ. ಅಷ್ಟಮಿ, ದ್ವಾದಶಿ, ಅಮಾವಾಸ್ಯೆಯೂ ಬೇಡ. ಉಳಿಯುವುದು ಬಿದಿಗೆ, ತದಿಗೆ, ಪಂಚಮಿ, ಸಪ್ತಮಿ, ದಶಮಿ, ತ್ರಯೋದಶಿ, ಹುಣ್ಣಿಮೆ. ವಾರಗಳಲ್ಲಿ ಸೋಮ, ಬುಧ, ಗುರು, ಶುಕ್ರ. ನಕ್ಷತ್ರಗಳಲ್ಲಿ 27ಕ್ಕೆ 16: ರೋಹಿಣಿ ಮತ್ತು ಮೂರು ಉತ್ತರೆಗಳು, ಪುನರ್ವಸು, ಸ್ವಾತಿ, ಶ್ರವಣ, ಧನಿಷ್ಠಾ, ಶತಭಿಷಾ, ಅಶ್ವಿನಿ, ಪುಷ್ಯ, ಹಸ್ತ, ಮೃಗಶಿರಾ, ಚಿತ್ತಾ, ಅನುರಾಧಾ, ರೇವತಿ. ಇಷ್ಟಾದ ಮೇಲೆ ತಾರಾಬಲ. ಮಗುವಿನ ಜನ್ಮನಕ್ಷತ್ರದಿಂದ ಎಣಿಸಿದಾಗ 3, 5, 7ನೆಯ ತಾರೆ ಬರಬಾರದು, ಮಗುವಿನ ರಾಶಿಗೆ ಚಂದ್ರ ಎಂಟರಲ್ಲಿ ಇರಬಾರದು. ಆಮೇಲೆ ಲಗ್ನ, ಅಂದರೆ ಆ ಹೊತ್ತಿಗೆ ಪೂರ್ವದಲ್ಲಿ ಹುಟ್ಟುತ್ತಿರುವ ರಾಶಿ. ಮೇಷ, ವೃಶ್ಚಿಕ, ಮೀನ ಬಿಟ್ಟು ಬೇರೆ ಲಗ್ನ ಬೇಕು, ಆ ಲಗ್ನಕ್ಕೆ ಹತ್ತನೇ ಮನೆಯಲ್ಲಿ ಗ್ರಹಗಳಿರಬಾರದು.

ಒಂದು ತಿಂಗಳನ್ನು ಈ ಎಲ್ಲ ಜರಡಿಗಳಲ್ಲಿ ಹಿಡಿದು ನೋಡಿ. ಎರಡು ಮೂರು ದಿನ ಉಳಿದರೆ ಹೆಚ್ಚು. ಅದರಲ್ಲಿ ನಿಮ್ಮ ಭಾನುವಾರ ಎಲ್ಲಿಂದ ತರಲಿ? ಭಾನುವಾರ ಮೊದಲ ಸುತ್ತಿನಲ್ಲೇ ಬಿಟ್ಟುಹೋಗಿರುತ್ತದೆ. ನಿಮ್ಮ ಮನೆತನದಲ್ಲಿ ಭಾನುವಾರ ಮಾಡಿಕೊಂಡು ಬಂದಿದ್ದರೆ ಅದು ಬೇರೆ ಮಾತು. ಆದರೆ ರಜೆ ಇದೆ ಎಂಬ ಕಾರಣಕ್ಕೆ ಭಾನುವಾರವನ್ನು ಶುಭ ಮಾಡಿಕೊಡಿ ಎಂದು ನನ್ನನ್ನು ಕೇಳಬೇಡಿ. ಕೆಲಸಕ್ಕೆ ಹೋಗುವವರ ಕಷ್ಟ ನನಗೆ ಗೊತ್ತು, ನನ್ನ ಮಗಳೂ ಆಫೀಸಿಗೆ ಹೋಗುವವಳೇ. ನಾನು ಹೇಳುವ ದಾರಿ ಇಷ್ಟು: ಗುರುವಾರ ಬೆಳಗ್ಗೆ ಏಳೂವರೆಗೆ ದೇವರ ಮುಂದೆ, ಮನೆಯವರಷ್ಟೇ ಕೂತು ಅನ್ನಪ್ರಾಶನ ಮಾಡಿ ಮುಗಿಸಿ. ಅರ್ಧ ಗಂಟೆಯ ಕೆಲಸ, ಒಂಬತ್ತಕ್ಕೆ ಆಫೀಸಿಗೆ ಹೊರಡಬಹುದು. ಭಾನುವಾರ ನೆಂಟರನ್ನೆಲ್ಲ ಕರೆದು ಹೋಳಿಗೆ ಊಟ ಹಾಕಿಸಿ. ಊಟಕ್ಕೆ ಲಗ್ನ ಬೇಕಿಲ್ಲ.

ರಾಹುಕಾಲದ ಬಗ್ಗೆ ಎರಡು ಮಾತು. ಕ್ಯಾಲೆಂಡರಿನಲ್ಲಿ ಸೋಮವಾರ 7.30ರಿಂದ 9, ಶುಕ್ರವಾರ 10.30ರಿಂದ 12 ಎಂದು ಅಚ್ಚಾಗಿರುವುದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ ಎಂಬ ಲೆಕ್ಕದಲ್ಲಿ. ನಿಜವಾಗಿ ನೋಡಬೇಕಾದದ್ದು ಅವತ್ತಿನ ಹಗಲಿನ ಎಂಟನೇ ಒಂದು ಭಾಗ. ಮೈಸೂರಿನಲ್ಲಿ ಜೂನ್ ತಿಂಗಳ ಹಗಲು 13 ಗಂಟೆಗೆ ಹತ್ತಿರ, ಡಿಸೆಂಬರಿನಲ್ಲಿ ಹನ್ನೊಂದೂವರೆಗಿಂತ ಕಡಿಮೆ. ಹಾಗಾಗಿ ಆ ಒಂದೂವರೆ ಗಂಟೆ ಹಿಗ್ಗುತ್ತದೆ, ಕುಗ್ಗುತ್ತದೆ, ಆಚೀಚೆ ಸರಿಯುತ್ತದೆ. ನ್ಯೂಜೆರ್ಸಿಯಲ್ಲಿರುವ ಮೊಮ್ಮಗುವಿಗೆ ಮೈಸೂರಿನ ರಾಹುಕಾಲವನ್ನು ವಾಟ್ಸಾಪಿನಲ್ಲಿ ಕಳಿಸುವ ಅಜ್ಜಂದಿರೇ, ದಯವಿಟ್ಟು ನಿಲ್ಲಿಸಿ. ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ, ಅದನ್ನು ಅಲ್ಲಿನ ಗಡಿಯಾರಕ್ಕೆ ಬದಲಾಯಿಸಿಕೊಂಡರೆ ಆಯಿತು. ರಾಹುಕಾಲ, ಲಗ್ನ, ನಡುಮಧ್ಯಾಹ್ನದ ಅಭಿಜಿತ್ ಮುಹೂರ್ತ ಈ ಮೂರನ್ನೂ ಮಗು ಇರುವ ಊರಿನ ಸೂರ್ಯನಿಂದಲೇ ಲೆಕ್ಕ ಹಾಕಬೇಕು. ಇನ್ನೊಂದು: ಒಂಟಿಕೊಪ್ಪಲ್ ಪಂಚಾಂಗದ ತಿಥಿ, ಫೋನಿನ ಆ್ಯಪಿನ ನಕ್ಷತ್ರ, ಟೀವಿಯವರ ಲಗ್ನ ಹೀಗೆ ಮೂರು ಕಡೆಯಿಂದ ಕೂಡಿಸಬೇಡಿ. ಗಣಿತದ ಪದ್ಧತಿ ಬೇರೆಯಾದರೆ ತಿಥಿ ಮುಗಿಯುವ ಹೊತ್ತಿನಲ್ಲಿ ಗಂಟೆಗಟ್ಟಲೆ ವ್ಯತ್ಯಾಸ ಬರುತ್ತದೆ. ನಿಮ್ಮ ಮನೆಯಲ್ಲಿ ಯುಗಾದಿಗೆ ಯಾವ ಪಂಚಾಂಗ ಓದುತ್ತೀರೋ ಅದೊಂದನ್ನೇ ನಂಬಿ.

“ಆಷಾಢ ಬಂತು, ಆಮೇಲೆ ಶುಕ್ರ ಮೂಢ ಇದೆ. ಒಂಬತ್ತನೇ ತಿಂಗಳಲ್ಲಿ ಮಾಡೋಣ, ಅಲ್ಲಿಯವರೆಗೆ ಹಾಲೇ ಸಾಕಲ್ವಾ?” ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅನ್ನಪ್ರಾಶನ ತಿಂಗಳಿಗೆ ಕಟ್ಟಿದ ಸಂಸ್ಕಾರ. ಮದುವೆ, ಗೃಹಪ್ರವೇಶದ ಹಾಗೆ ಕಾಯಿಸುವಂಥದ್ದಲ್ಲ. ಹೇಳಿದ ಕಾಲದಲ್ಲೇ ಮಾಡುವಾಗ ಗುರು-ಶುಕ್ರರ ಮೂಢವಾಗಲಿ (ಆ ಗ್ರಹಗಳು ಸೂರ್ಯನ ಹತ್ತಿರ ಸರಿದು ಕಾಣದಿರುವ ಕಾಲ) ಅಧಿಕಮಾಸವಾಗಲಿ ಅಡ್ಡ ಬರುವುದಿಲ್ಲ ಎಂದು ಧರ್ಮಶಾಸ್ತ್ರದವರೇ ಬಿಟ್ಟುಕೊಟ್ಟಿದ್ದಾರೆ. ಹೊಟ್ಟೆಯೊಳಗಿರುವಾಗ ಮಗು ಕೂಡಿಟ್ಟುಕೊಂಡ ಕಬ್ಬಿಣದ ಅಂಶ ಆರು ತಿಂಗಳ ಹೊತ್ತಿಗೆ ಕರಗಿರುತ್ತದೆ, ತಾಯಿಯ ಹಾಲೊಂದರಿಂದ ಅದು ತುಂಬುವುದಿಲ್ಲ. ಮೂಢ ಕಳೆಯಲಿ ಎಂದು ಒಂಬತ್ತನೇ ತಿಂಗಳವರೆಗೆ ಮಗುವನ್ನು ಬರೀ ಹಾಲಿನಲ್ಲಿ ಇಡಿ ಎಂದು ಯಾವ ಋಷಿಯೂ ಹೇಳಿಲ್ಲ. ನನ್ನ ಹೆಸರಿನಲ್ಲಿ ಯಾರೂ ಹೇಳಬೇಡಿ.

ಒಂದು ಮನೆಯ ಕಾರ್ಯಕ್ರಮ ಹೇಳಬೇಕು. ಮುಹೂರ್ತ ಬೇರೆ ಯಾರೋ ಇಟ್ಟುಕೊಟ್ಟಿದ್ದರು, ಮಾಡಿಸಲು ಮಾತ್ರ ನನ್ನನ್ನು ಕರೆದಿದ್ದರು. ಮಧ್ಯಾಹ್ನ ಹನ್ನೆರಡು ಇಪ್ಪತ್ತು. ನಾನು ಹೋಗುವ ಹೊತ್ತಿಗೇ ಮಗು ಕಿರಿಚುತ್ತಿತ್ತು. ಜರಿಯ ಅಂಗಿ ಕುತ್ತಿಗೆಗೆ ಉಜ್ಜಿ ಕೆಂಪಗಾಗಿತ್ತು. ಒಬ್ಬರು ಗಿಲಕಿ ಆಡಿಸುತ್ತಿದ್ದರು, ಇನ್ನೊಬ್ಬರು ಮೊಬೈಲಿನಲ್ಲಿ ಹಾಡು ಹಾಕಿ ಮುಖದ ಮುಂದೆ ಹಿಡಿದಿದ್ದರು, ವೀಡಿಯೋದವನು ಮಗುವನ್ನು ಲೈಟಿನ ಕಡೆ ತಿರುಗಿಸಿ ಎನ್ನುತ್ತಿದ್ದ. ತಾಯಿ ರೇಷ್ಮೆ ಸೀರೆಯ ಸೆರಗು ಎದೆಗೆ ಬಿಗಿದು ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದಳು. ರವಿಕೆ ಒದ್ದೆಯಾಗಿತ್ತು.

“ಯಾಕಮ್ಮಾ, ಮಗುಗೆ ಹಾಲು ಕೊಟ್ಟಿಲ್ವಾ?” ಎಂದೆ.

“ಅನ್ನಪ್ರಾಶನ ಆಗೋವರೆಗೂ ಕೊಡಬಾರದು ಅಂದ್ರು. ಬೆಳಗ್ಗೆ ಎಂಟಕ್ಕೆ ಕೊಟ್ಟಿದ್ದು.”

ಯಾರು ಅಂದರು ಎಂದು ನಾನು ಕೇಳಲಿಲ್ಲ. ಎಲ್ಲ ಮನೆಯಲ್ಲೂ ಒಬ್ಬರು ಇರುತ್ತಾರೆ. “ಮೊದಲು ಒಳಗೆ ಹೋಗಿ ಹಾಲು ಕುಡಿಸು ತಾಯಿ” ಎಂದೆ. ಮಗುವಿನ ತಾತ ಗಡಿಯಾರ ತೋರಿಸಿದರು, “ಶಾಸ್ತ್ರಿಗಳೇ, ಟೈಮ್ ಮೀರುತ್ತೆ.” ಒಂದು ಲಗ್ನ ಸುಮಾರು ಎರಡು ಗಂಟೆ ಇರುತ್ತದೆ, ಅದು ಇನ್ನೂ ಮುಕ್ಕಾಲು ಗಂಟೆ ಉಳಿದಿದೆ, ಹಸಿದ ಮಗುವಿನ ಬಾಯಿಗೆ ಚಮಚ ತುರುಕಲು ಯಾವ ಲಗ್ನವೂ ಒಳ್ಳೆಯದಲ್ಲ ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಮಗು ಕಾಲು ಗಂಟೆ ಹಾಲು ಕುಡಿಯಿತು. ಯಾರೋ ಹತ್ತಿಬಟ್ಟೆಯ ಹಳೇ ಜುಬ್ಬಾ ತೊಡಿಸಿದರು. ಹೊರಗೆ ಬಂದಾಗ ಬೆಳ್ಳಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕಚ್ಚಲು ನೋಡುತ್ತಿತ್ತು. ಅಪ್ಪ ಚಿನ್ನದ ಉಂಗುರದ ತುದಿಯಲ್ಲಿ ಪಾಯಸ ತಾಗಿಸಿದರೆ ಮುಖ ಹಿಂಡಿ, ಮತ್ತೆ ಬಾಯಿ ತೆರೆಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಅತ್ತೆ, ಚಿಕ್ಕಮ್ಮ, ಸೋದರಮಾವ, ಪಕ್ಕದ ಮನೆಯವರು, ಆಫೀಸಿನವರು ಎಲ್ಲರೂ ಸಾಲು ನಿಂತರು, ಒಂದೊಂದು ಚಮಚ. ಅದನ್ನೂ ನಿಲ್ಲಿಸಿದೆ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಸೋದರಮಾವ ತಿನ್ನಿಸಲಿ, ಅದೂ ಕೈ ತೊಳೆದುಕೊಂಡು. ಮಿಕ್ಕವರು ಅಕ್ಷತೆ ಹಾಕಿ ಹರಸಲಿ. ಕೆಲವರ ಮುಖ ಸಣ್ಣದಾಯಿತು. ಆಗಲಿ. ಆರು ತಿಂಗಳ ಹೊಟ್ಟೆಯಲ್ಲಿ ಅಷ್ಟು ಜನರ ಪ್ರೀತಿಗೆ ಜಾಗ ಇರುವುದಿಲ್ಲ.

ಇಂಥವನ್ನೆಲ್ಲ ನೋಡಿ ನನಗನ್ನಿಸುವುದು, ನನ್ನನ್ನು ಬೇರೆ ಪ್ರಶ್ನೆ ಕೇಳಬೇಕಿತ್ತು ಎಂದು. ‘ಯಾವಾಗ’ ಎಂದು ಕೇಳುತ್ತಾರೆ, ‘ಏನು ತಿನ್ನಿಸಬೇಕು’ ಎಂದು ಕೇಳುವವರು ಅಪರೂಪ. ‘ಮಾರನೇ ದಿನ ಏನು’ ಎಂದು ಕೇಳುವವರಂತೂ ಇಲ್ಲವೇ ಇಲ್ಲ.

ಜೇನುತುಪ್ಪ ಬೇಡ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನಿನಲ್ಲಿರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಾಣುಗಳಿಂದ ಅಪಾಯವಿದೆ, ನೆಕ್ಕಿಸುವಷ್ಟು ಕೂಡ ಬೇಡ. “ಶಾಸ್ತ್ರದಲ್ಲಿದೆಯಲ್ಲಾ ಶಾಸ್ತ್ರಿಗಳೇ” ಎನ್ನುತ್ತಾರೆ. ಇದೆ. ಮೊಸರು, ಜೇನು, ತುಪ್ಪ ಬೆರೆಸಿದ ಅನ್ನ ಎಂದು ಆಶ್ವಲಾಯನರು ಹೇಳಿದ್ದಾರೆ. ಅದೇ ಜಾಗದಲ್ಲಿ ಮಗುವಿಗೆ ತೇಜಸ್ಸು ಬಯಸುವವರು ತುಪ್ಪದನ್ನ ಕೊಡಲಿ ಎಂದೂ ಹೇಳಿದ್ದಾರೆ. ನಾನು ಮಾಡಿಸುವುದು ತುಪ್ಪದನ್ನವನ್ನೇ, ಮೆತ್ತಗೆ ಬೇಯಿಸಿ, ನುಣ್ಣಗೆ ನುರಿದು. ಆಗ ಹೇಳುವ ಮಂತ್ರದಲ್ಲಿ ನಾವು ಅನ್ನದ ಒಡೆಯನನ್ನು ಬೇಡುವುದು ರೋಗ ತಾರದ, ಬಲ ಕೊಡುವ ಅನ್ನವನ್ನು. ಅದನ್ನು ಹೇಳುತ್ತಲೇ ಡಾಕ್ಟರು ಬೇಡವೆಂದದ್ದನ್ನು ಬಾಯಿಗಿಡಲು ನನ್ನಿಂದಾಗದು. ಈ ಮಂತ್ರವನ್ನು ಹೆಣ್ಣು ಮಗುವಿಗೂ ಹೇಳುತ್ತೇನೆ. ಹಳೆಯ ಸೂತ್ರದಲ್ಲಿ ಹೆಣ್ಣಿಗೆ ಮಂತ್ರವಿಲ್ಲದೆ ಕ್ರಿಯೆ ಮಾತ್ರ ಎಂದಿರುವುದು ನನಗೆ ಗೊತ್ತು. “ಹೆಣ್ಣು ಮಗು ಅಲ್ವಾ, ಸಿಂಪಲ್ಲಾಗಿ ಸಾಕು” ಎಂದು ಫೋನಿನಲ್ಲಿ ಹೇಳುವವರು ನನ್ನ ಬದಲು ಬೇರೆಯವರನ್ನು ಹುಡುಕಿಕೊಳ್ಳಬಹುದು.

ಮಗು ತಯಾರಾಗಿದೆಯೇ ಎಂದು ನೋಡಿದ್ದೀರಾ? ಕತ್ತು ನಿಂತಿರಬೇಕು, ಆಸರೆ ಕೊಟ್ಟರೆ ಕೂರಬೇಕು, ಬಾಯಿಗಿಟ್ಟದ್ದನ್ನು ನಾಲಗೆಯಿಂದ ಹೊರಗೆ ತಳ್ಳುವುದು ಕಡಿಮೆಯಾಗಿರಬೇಕು, ನೀವು ಊಟ ಮಾಡುವಾಗ ನಿಮ್ಮ ಕೈಯನ್ನೇ ನೋಡುತ್ತಿರಬೇಕು. ಮಾರನೇ ದಿನದಿಂದ ಎರಡು ಮೂರು ಚಮಚದಷ್ಟು, ದಿನಕ್ಕೆ ಎರಡು ಮೂರು ಸಲ. ಅನ್ನ-ಬೇಳೆ ನುರಿದದ್ದು, ರಾಗಿ ಸರಿ, ಬೇಯಿಸಿ ಮಸೆದ ತರಕಾರಿ. ಚಮಚ ಓರೆ ಮಾಡಿದರೆ ಹರಿದು ಬೀಳದಷ್ಟು ಗಟ್ಟಿ ಇರಲಿ. ಉಪ್ಪು ಸಕ್ಕರೆ ಬೇಡ. ತಾಯಿಯ ಹಾಲು ಎರಡು ವರ್ಷ ಮತ್ತು ಅದರ ಮೇಲೂ ನಡೆಯಲಿ. ಇದು ನನ್ನ ಕಸುಬಿನ ಮಾತಲ್ಲ, ನಿಮ್ಮ ಡಾಕ್ಟರನ್ನೂ ಅಂಗನವಾಡಿಯವರನ್ನೂ ಕೇಳಿ ಖಚಿತ ಮಾಡಿಕೊಳ್ಳಿ. ಆದರೆ ಬೆಳ್ಳಿ ಬಟ್ಟಲು ತೊಳೆದು ಬೀರುವಿನೊಳಗಿಟ್ಟು, ಮಾರನೇ ದಿನದಿಂದ ಮಗುವಿಗೆ ಹಾಲಿನಲ್ಲಿ ಬಿಸ್ಕತ್ತು ಅದ್ದಿ ಕೊಡುವ ಮನೆಗಳನ್ನು ಕಂಡಿದ್ದೇನೆ, ಅದಕ್ಕೇ ಹೇಳದೆ ಇರಲಾಗುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೂ ದಿನ ಬೇಕಾದರೆ ಸಂತೋಷವಾಗಿ ನೋಡಿಕೊಡುತ್ತೇನೆ. ಮಗು ಹುಟ್ಟಿದ ದಿನಾಂಕ, ಹೊತ್ತು, ಊರು, ಈಗ ಇರುವ ಊರು, ಜನ್ಮನಕ್ಷತ್ರ ಬರೆದು ಕಳಿಸಿ. ಜೊತೆಗೆ ಮಗು ಬೆಳಗ್ಗೆ ಎಷ್ಟಕ್ಕೆ ಏಳುತ್ತದೆ, ಎಷ್ಟಕ್ಕೆ ಹಾಲು ಕುಡಿಯುತ್ತದೆ, ಮತ್ತೆ ಎಷ್ಟಕ್ಕೆ ಮಲಗುತ್ತದೆ ಎಂದೂ ಬರೆಯಿರಿ. ನಿದ್ದೆ ಮುಗಿಸಿ ಹಾಲು ಕುಡಿದು ಆಡಿಕೊಂಡಿರುವ ಒಂದು ಗಂಟೆ ಎಲ್ಲ ಮಕ್ಕಳಿಗೂ ಇರುತ್ತದೆ. ಆ ಗಂಟೆಯೊಳಗೆ ಬರುವ ಲಗ್ನವನ್ನೇ ನಾನು ಆರಿಸುವುದು. ಹಾಲ್ ಬುಕ್ ಮಾಡುವುದಿದ್ದರೆ ನನ್ನ ಉತ್ತರ ಬಂದ ಮೇಲೆ ಮಾಡಿ.