ಐದು ಸಲ ಬ್ಯಾಟ್ ಹಿಡಿದ ಹುಡುಗ

ನಿನ್ನೆ ರಾತ್ರಿ ಮತ್ತೆ ಬೆನ್ನು ನೋವು. ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದಾಗ ಅಮೆರಿಕದ ಬೇಸ್‌ಬಾಲ್ ಆಟಗಾರ ಜಾನ್ ಪಚೋರೆಕ್ ನೆನಪಾದರು.

1963ರ ಸೆಪ್ಟೆಂಬರ್ 29. ಬೇಸ್‌ಬಾಲ್ ಸೀಸನ್ನಿನ ಕೊನೆಯ ದಿನ. ಹೂಸ್ಟನ್ ತಂಡ 18 ವರ್ಷದ ಈ ಹುಡುಗನನ್ನು ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಇಳಿಸಿತು. ಐದು ಸಲ ಬ್ಯಾಟ್ ಹಿಡಿದ. ಮೂರು ಹಿಟ್, ಎರಡು ವಾಕ್. ಹಿಟ್ ಅಂದರೆ ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪುವುದು. ವಾಕ್ ಅಂದರೆ ನಾಲ್ಕು ಕೆಟ್ಟ ಎಸೆತ ಬಿದ್ದರೆ ಸಿಗುವ ಪುಕ್ಕಟೆ ಬೇಸ್. ಒಟ್ಟು ನಾಲ್ಕು ರನ್. ಹೂಸ್ಟನ್ 13-4ರಿಂದ ಗೆದ್ದಿತು. ಸರಾಸರಿಗೆ ವಾಕ್ ಲೆಕ್ಕಕ್ಕಿಲ್ಲ, ಉಳಿದ ಮೂರಕ್ಕೆ ಮೂರೂ ಹಿಟ್. ಹುಡುಗನ ಬ್ಯಾಟಿಂಗ್ ಸರಾಸರಿ 1.000! ಅದಕ್ಕಿಂತ ಜಾಸ್ತಿ ಯಾರಿಗೂ ಸಾಧ್ಯವೇ ಇಲ್ಲ, ಅಲ್ವಾ?

ಆಮೇಲೆ ಬೆನ್ನು ಕೈಕೊಟ್ಟಿತು. 1964ರಲ್ಲಿ ಆಪರೇಷನ್. ಅಲ್ಲಿನ ಅತ್ಯುನ್ನತ ಮಟ್ಟದ ಮೇಜರ್ ಲೀಗ್‌ಗೆ ಮತ್ತೆ ಬರಲೇ ಇಲ್ಲ. ಮುಂದೆ ಶಾಲೆಯಲ್ಲಿ ಪಿಟಿ ಮೇಷ್ಟ್ರಾದರು.

ನಾನು ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಮೈಸೂರಿಗೆ ಬಂದು ಆಡಿದ್ದು ಒಂದೇ ಲೀಗ್ ಪಂದ್ಯ. ಒಂಬತ್ತು ಓವರ್, ಎರಡು ವಿಕೆಟ್. ಮುಂದಿನ ವಾರವೇ ಡಿಸ್ಕ್ ಜಾರಿತು. ಆ ಎರಡನೇ ವಿಕೆಟ್ಟಿನ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಆಫ್ ಸ್ಟಂಪ್ ಹಾರಿದ ಸದ್ದು.

ಈಗ ಸಂಜೆ ಕುವೆಂಪುನಗರದಲ್ಲಿ ಮಕ್ಕಳಿಗೆ ಬೌಲಿಂಗ್ ಹೇಳಿಕೊಡುತ್ತೇನೆ. ಚೆಂಡು ಕೊಡುವ ಮೊದಲು ಇಪ್ಪತ್ತು ನಿಮಿಷ ಬೆನ್ನಿನ ವ್ಯಾಯಾಮ. ಎಷ್ಟು ಗೋಗರೆದರೂ ಬಿಡುವುದಿಲ್ಲ.