ಆ ಹಳೆಯ ಕಾರ್ಡುಗಳಲ್ಲಿರುವ ಹಳ್ಳಿ ನಿಜವೇ?

ನೂರು ವರ್ಷಕ್ಕೂ ಹಳೆಯ ಚಿತ್ರ ಅಂಚೆ ಕಾರ್ಡುಗಳನ್ನು, ಅದರಲ್ಲೂ ನಮ್ಮ ಸೀಮೆಯ ಹೊಲ, ಬಾವಿ, ಕಣ, ಮಗ್ಗಗಳಿರುವಂಥವನ್ನು ನಾನು ಕೂಡಿಡುತ್ತೇನೆ. ಬೆಂಗಳೂರಿನಲ್ಲಿ ಅವನ್ನು ನೋಡಿದವರು ಬಹುಪಾಲು ಕೇಳುವುದು ಒಂದೇ: “ಇವೆಲ್ಲ ಬ್ರಿಟಿಷ್ ದೊರೆಗಳಿಗೆ ಮಾರುವುದಕ್ಕೆಂದು ಜನರನ್ನು ನಿಲ್ಲಿಸಿ ತೆಗೆದ ಚಿತ್ರಗಳಲ್ಲವೇ? ಇವುಗಳಲ್ಲಿ ನಿಜವೆಷ್ಟು?”

ನಿಲ್ಲಿಸಿ ತೆಗೆದದ್ದು ಹೌದು. ಬಣ್ಣವನ್ನೂ ಅಡಿಬರಹವನ್ನೂ ನಂಬುವಂತಿಲ್ಲ. ಆದರೆ ಅಲ್ಲಿ ಕೆಲಸ ನಡೆದಿತ್ತೇ ಇಲ್ಲವೇ ಎಂಬುದನ್ನು ಹಗ್ಗ, ಗಾಲಿ, ಕೈಗಳನ್ನು ನೋಡಿ ತಿಳಿಯಬಹುದು. ಅದಕ್ಕೆ ಕಾರ್ಡುಗಳನ್ನು ಒಂದೊಂದಾಗಿಯೇ ಕೂತು ನೋಡಬೇಕು.

ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಕಾರ್ಡನ್ನೇ ತೆಗೆದುಕೊಳ್ಳಿ. ಎತ್ತುಗಳು ಇಳಿಜಾರಿನಲ್ಲಿ ಕೆಳಗಿಳಿದಂತೆ ತೊಗಲಿನ ಚೀಲ ಬಾವಿಯಿಂದ ಮೇಲೇರುತ್ತದೆ. ಚೀಲವನ್ನೆಳೆಯುವ ದಪ್ಪ ಹಗ್ಗ, ಅಂದರೆ ಮಿಣಿ, ಮೇಲಿನ ಗಾಲಿಯ ಮೇಲೆ ಹಾಯುತ್ತದೆ. ನೀರು ಸುರಿಯುವ ಕೊಳವೆಯಂಥ ಬಾಯಿಗೆ, ಅಂದರೆ ಚೀಲದ ಸೊಂಡಿಲಿಗೆ, ಕಟ್ಟಿದ ಸಣ್ಣ ಹಗ್ಗ ತೊಟ್ಟಿಯ ಅಂಚಿನ ಉರುಳೆಯ ಮೇಲೆ ಹಾಯುತ್ತದೆ. ಎತ್ತು ಹೊಡೆಯುವವನು ಮಿಣಿಯ ಮೇಲೆ ಕೂತು ತನ್ನ ಭಾರವನ್ನೂ ಸೇರಿಸುತ್ತಾನೆ. ಎತ್ತು ಇಳಿಜಾರಿನ ತುದಿ ಮುಟ್ಟಿದಾಗ ಚೀಲ ಮೇಲಿರಬೇಕು, ಸೊಂಡಿಲಿನಿಂದ ನೀರು ತೊಟ್ಟಿಗೆ ಸುರಿಯುತ್ತಿರಬೇಕು. ನನ್ನಲ್ಲಿರುವ ಒಂದು ಕಾರ್ಡಿನಲ್ಲಿ ಇದೆಲ್ಲವೂ ಒಂದಕ್ಕೊಂದು ತಾಳೆಯಾಗುತ್ತದೆ. ಮಿಣಿ ಬಿಗಿದು ನೇರವಾಗಿದೆ, ಎತ್ತುಗಳ ಕತ್ತು ನೊಗಕ್ಕೆ ಒತ್ತಿದೆ. ಛಾಯಾಗ್ರಾಹಕ ಎಷ್ಟೇ ಹೇಳಿಕೊಟ್ಟರೂ ತುಂಬಿದ ಚೀಲದ ಭಾರವನ್ನು ಎತ್ತುಗಳು ನಟಿಸುವಂತೆ ಮಾಡಲಾರ.

ಇನ್ನೊಂದರಲ್ಲಿ ಇಬ್ಬರು ಹೆಂಗಸರು ಬೀಸುವ ಕಲ್ಲಿನ ಮುಂದೆ ಕೂತಿದ್ದಾರೆ. ಹಿಂದೆ ಪರದೆ, ಮೈತುಂಬ ಒಡವೆ. ಕಲ್ಲಿನ ಸುತ್ತ ಒಂದು ಚಿಟಿಕೆ ಹಿಟ್ಟೂ ಇಲ್ಲ, ಪಕ್ಕದಲ್ಲಿ ರಾಗಿಯ ಮೊರವೂ ಇಲ್ಲ. ಅಂದು ಅಲ್ಲಿ ಯಾರೂ ಬೀಸಲಿಲ್ಲ. ಹಾಗಿದ್ದರೂ ಆ ಕಾರ್ಡನ್ನು ನಾನು ಬಿಸಾಡುವುದಿಲ್ಲ, ಏಕೆಂದರೆ ಗೂಟ ಹಿಡಿದ ಕೈಗಳಿಗೆ ಆ ಹಿಡಿತ ಹೊಸದಲ್ಲ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಬಣ್ಣದ ಕಥೆ ಬೇರೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಇಂಥ ಕಾರ್ಡುಗಳಲ್ಲಿ ಬಹಳಷ್ಟು ಜರ್ಮನಿಯಲ್ಲಿ ಅಚ್ಚಾಗುತ್ತಿದ್ದವು. ಕಪ್ಪುಬಿಳುಪು ಚಿತ್ರಕ್ಕೆ ಬಣ್ಣ ಸೇರಿಸುತ್ತಿದ್ದುದು ಮುದ್ರಣಾಲಯದಲ್ಲಿ. ಅಲ್ಲಿನ ಕೆಲಸಗಾರರು ನಮ್ಮ ಕೆಮ್ಮಣ್ಣನ್ನು ಕಂಡವರಲ್ಲ. ಆದ್ದರಿಂದ ಕಾರ್ಡಿನಲ್ಲಿ ಸೀರೆ ಹಸಿರಾಗಿದ್ದರೆ ಅದು ಹಸಿರೇ ಆಗಿತ್ತು ಎನ್ನುವಂತಿಲ್ಲ. ಭೂತಗನ್ನಡಿಯಲ್ಲಿ ನೋಡಿ: ಚುಕ್ಕಿಗಳು ಕಂಡರೆ ಅದು ಅಚ್ಚಿನ ಕಾರ್ಡು, ಚುಕ್ಕಿಯಿಲ್ಲದೆ ನೆರಳು ನಯವಾಗಿ ಹರಡಿದ್ದರೆ ನೆಗೆಟಿವ್‌ನಿಂದ ನೇರವಾಗಿ ತೆಗೆದ ಫೋಟೋ ಇರಬಹುದು. ನಾನು ಅವನ್ನೇ ಹೆಚ್ಚು ನೆಚ್ಚುತ್ತೇನೆ.

ನನಗೆ ನಿಜವಾಗಿ ಸಿಟ್ಟು ತರಿಸುವುದು ಅಡಿಬರಹ. ಮದರಾಸಿನ ವೀಲೆ ಅಂಡ್ ಕ್ಲೈನ್ ಸ್ಟುಡಿಯೋದವರು, ಮದರಾಸು ಮತ್ತು ಬೆಂಗಳೂರಿನಲ್ಲಿ ಅಂಗಡಿಯಿದ್ದ ಹಿಗ್ಗಿನ್‌ಬಾಥಮ್ಸ್‌ನವರು ಇಂಥ ಕಾರ್ಡುಗಳನ್ನು ಹೊರತಂದರು. ದಂಡು ಪ್ರದೇಶದ ರಸ್ತೆ, ಚರ್ಚು, ಕಟ್ಟಡದ ಕಾರ್ಡಾದರೆ ಹೆಸರು ಖಚಿತವಾಗಿ ಇರುತ್ತದೆ. ಉಳುವವನ ಕಾರ್ಡಿಗೆ ಮಾತ್ರ ‘ಉಳುಮೆ, ದಕ್ಷಿಣ ಭಾರತ’ ಎಂದಷ್ಟೇ. ಊರಿಲ್ಲ, ಹೆಸರಿಲ್ಲ. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿಗೆ ಬಂದು ಪೇಟೆಯ ಬೀದಿಗಳಲ್ಲಿ ದೀಪ ಉರಿಯತೊಡಗಿತ್ತು. ಅದೇ ಕಾಲದ ಈ ಕಾರ್ಡುಗಳು ನಮ್ಮ ಹಳ್ಳಿಯನ್ನು ಎಂದೂ ಬದಲಾಗದ ಜಾಗವೆಂಬಂತೆ ಸಮುದ್ರದಾಚೆಗೆ ಮಾರಿದವು. ಕಾರ್ಡುಗಳು ಹೇಳಿದ ಸುಳ್ಳುಗಳಲ್ಲಿ ದೊಡ್ಡದು ಇದೇ ಎಂದು ನನ್ನ ಎಣಿಕೆ. ಪರದೆ ಕಟ್ಟಿ ಕೂರಿಸಿದ್ದು ಅದರ ಮುಂದೆ ಸಣ್ಣದು.

ಅದಕ್ಕೇ ನಾನು ಪ್ರತಿ ಕಾರ್ಡಿನ ಜೊತೆ ಒಂದು ಚೀಟಿ ಇಡುತ್ತೇನೆ. ಬೀಜ ಬಿತ್ತುವ ಕೂರಿಗೆ ಯಾವ ಬಗೆಯದು, ಎಷ್ಟು ಕೊಳವೆಯದು, ಬಟ್ಟಲಿಗೆ ಕಾಳು ಬಿಡುತ್ತಿರುವವರು ಯಾರು, ಎತ್ತು ಹಳ್ಳಿಕಾರ್ ತಳಿಯದೇ ಎಂದು ಬರೆಯುತ್ತೇನೆ. ಇವನ್ನು ಗುರುತಿಸಬಲ್ಲವರು ಇನ್ನೂ ಮಾಗಡಿ, ಕನಕಪುರ, ಕೋಲಾರದ ಕಡೆ ಇದ್ದಾರೆ. ಅವರ ಮಕ್ಕಳು ಮೊಮ್ಮಕ್ಕಳು ಇದೇ ಬೆಂಗಳೂರಿನಲ್ಲಿದ್ದಾರೆ. ನಿಮ್ಮ ಮನೆಯಲ್ಲಿ ಕಪಿಲೆ ಹೊಡೆದ ಅಜ್ಜನೋ ಕೂರಿಗೆಗೆ ಕಾಳು ಬಿಟ್ಟ ಅಜ್ಜಿಯೋ ಇದ್ದರೆ ಇಂಥ ಚಿತ್ರವೊಂದನ್ನು ಮೊಬೈಲ್‌ನಲ್ಲಿ ದೊಡ್ಡದು ಮಾಡಿ ಅವರಿಗೆ ತೋರಿಸಿ. ಅವರು ಒಂದೊಂದು ಭಾಗಕ್ಕೂ ಹೇಳುವ ಹೆಸರನ್ನು ಅವರ ಊರಿನ ಹೆಸರಿನೊಂದಿಗೆ ಬರೆದಿಡಿ.