ಎರೆ ಹೊಲದ ರವದಿ, ಆಮ್ಲದ ಲೆಕ್ಕ

ಕಬ್ಬಿನ ರವದಿಯಿಂದ (ಕಟಾವಿನ ನಂತರ ಉಳಿಯುವ ಒಣ ಎಲೆ) ಎಥೆನಾಲ್ ಅಂದಕೂಡಲೇ ಮಾತೆಲ್ಲ ನಾರನ್ನು ಸಕ್ಕರೆ ಮಾಡುವ ಕಿಣ್ವ, ಸಕ್ಕರೆಯನ್ನು ಎಥೆನಾಲ್ ಮಾಡುವ ಯೀಸ್ಟ್ ಸುತ್ತಲೇ ತಿರುಗುತ್ತದೆ. ಮುಧೋಳ, ಜಮಖಂಡಿ ಕಡೆಯ ರವದಿ ಕೈಕೊಡುವುದು ಅದಕ್ಕೂ ಬಹಳ ಮೊದಲು, ಅಂಟಿ ಬಂದ ಎರೆ ಮಣ್ಣಿನಿಂದ.

ಕಿಣ್ವ ಹಾಕುವ ಮೊದಲು ನಾರು ಸಡಿಲವಾಗಲೆಂದು ರವದಿಯನ್ನು ತೆಳು ಗಂಧಕಾಮ್ಲದಲ್ಲಿ ನೆನೆಸಿ ಬೇಯಿಸುತ್ತಾರೆ. ಅಂಟಿ ಬಂದ ಈ ಮಣ್ಣಿನಲ್ಲಿ ಸುಣ್ಣದ ಹರಳು ಇರುತ್ತವೆ. 1 ಕೆಜಿ ಸುಣ್ಣದಕಲ್ಲು ಹತ್ತಿರಹತ್ತಿರ 1 ಕೆಜಿ ಗಂಧಕಾಮ್ಲವನ್ನು ತಿಂದುಹಾಕುತ್ತದೆ. 100 ಕೆಜಿ ಒಣ ರವದಿಯನ್ನು ಶೇ. 1ರ 230 ಲೀಟರ್ ಆಮ್ಲದಲ್ಲಿ ನೆನೆಸಿದಿರಿ ಅನ್ನಿ. ಅದರಲ್ಲಿರುವ ಆಮ್ಲ 2.3 ಕೆಜಿ. ರವದಿಯ ಜೊತೆ 10 ಕೆಜಿ ಮಣ್ಣು ಬಂದು, ಅದರಲ್ಲಿ ಹತ್ತನೇ ಒಂದು ಪಾಲು ಸುಣ್ಣವಿದ್ದರೆ ಅರ್ಧದ ಹತ್ತಿರ ಆಮ್ಲ ಅಲ್ಲೇ ಮುಗಿಯಿತು. ಹುಟ್ಟಿದ ಜಿಪ್ಸಂ ಪೈಪಿನೊಳಗೆ ಪದರಾಗಿ ಕೂರುವುದು ಬೇರೆ. ನೆನೆಸಿದ ನೀರಿನ ಪಿಎಚ್ 1ರ ಆಸುಪಾಸು ಇರಬೇಕು, 1.5 ದಾಟಿದ್ದರೆ ಬೇಯಿಸಲು ಹೋಗಬೇಡಿ.

ಹಾಗಂತ ಆಮ್ಲ ಹೆಚ್ಚಿಸುವುದು ದಡ್ಡತನ. ಪ್ರತಿ ಲೋಡಿನ ಮಣ್ಣೂ ಬೇರೆ. ಮಣ್ಣು ಕಡಿಮೆ ಇದ್ದ ದಿನ ಅದೇ ಆಮ್ಲ ರವದಿಯಿಂದ ಬಿಟ್ಟುಬಂದ ಝೈಲೋಸ್ ಸಕ್ಕರೆಯನ್ನು ಫರ್ಫ್ಯೂರಲ್ ಎಂಬ ವಿಷ ಮಾಡಿ ಯೀಸ್ಟನ್ನು ಮಲಗಿಸುತ್ತದೆ.

ಮದ್ದು ಹೊಲದಲ್ಲೇ ಇದೆ. ಕಟಾವಾದ ಮೇಲೆ ಮೂರು-ನಾಲ್ಕು ದಿನ ಬಿಸಿಲಿಗೆ ಬಿಟ್ಟು, ರೇಕಿನ ಹಲ್ಲು ನೆಲ ಕೆರೆಯದಷ್ಟು ಮೇಲೆತ್ತಿ ಸಾಲು ಮಾಡಿ. ತಳದ ಪದರ ಹೊಲದಲ್ಲೇ ಉಳಿಯಲಿ, ಕೂಳೆ ಬೆಳೆಗೆ ಮುಚ್ಚಿಗೆಯಾಗುತ್ತದೆ. ತೇವ ಶೇ. 15ಕ್ಕೆ ಇಳಿದ ಮೇಲೆ ಬೇಲರ್ (ಪೆಂಡಿ ಕಟ್ಟುವ ಯಂತ್ರ) ಓಡಿಸಿ. ಶೇ. 20 ದಾಟಿದ ಪೆಂಡಿ ಒಳಗೊಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ, ಸಕ್ಕರೆಯಾಗಬೇಕಾದ ಸೆಲ್ಯುಲೋಸ್ ನಾರನ್ನೇ ಬೂಷ್ಟು ತಿನ್ನುತ್ತದೆ.

ಪೆಂಡಿ ಬಿಚ್ಚಿದ ಮೇಲೆ ಮೊದಲು ತಿರುಗುವ ಜರಡಿ, ಆಮೇಲೆ ಮ್ಯಾಗ್ನೆಟ್ (ತಂತಿ, ಮುರಿದ ಕುಡಗೋಲು ಏನೆಲ್ಲ ಸಿಗುತ್ತದೆ!), ಕೊನೆಗೆ ಕಟರ್. ಜರಡಿಗೆ ಮೊದಲೇ ಕತ್ತರಿಸಿದರೆ ಅಲಗೂ ಸವೆಯುತ್ತದೆ, ಮಣ್ಣೂ ಪುಡಿಯೊಳಗೆ ಬೆರೆತುಬಿಡುತ್ತದೆ. ಆಮ್ಲದಲ್ಲಿ ಬೇಯಿಸಲು 2–3 ಸೆಂಟಿಮೀಟರ್ ತುಂಡು ಸಾಕು. ಹಿಟ್ಟಿನಷ್ಟು ನುಣ್ಣಗೆ ಮಾಡುವುದು ಕರೆಂಟ್ ಬಿಲ್ಲಿಗೆ ದಂಡ.

ಬೇಯಿಸುವುದು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 10–15 ನಿಮಿಷ. ಬೆಂದ ತಿರುಳನ್ನು ಒಣಗಿಸಿ ಇಡಬೇಡಿ. ನಾರಿನ ಸಣ್ಣ ರಂಧ್ರಗಳು ಮುಚ್ಚಿಹೋದರೆ ಮತ್ತೆ ನೆನೆಸಿದರೂ ಪೂರ್ತಿ ತೆರೆಯುವುದಿಲ್ಲ, ಕಿಣ್ವಕ್ಕೆ ಒಳಗೆ ದಾರಿ ಇರುವುದಿಲ್ಲ. ಹಸಿಯಾಗಿರುವಾಗಲೇ ತೊಳೆದು, ಪಿಎಚ್ 5ಕ್ಕೆ ತಂದು, 50 ಡಿಗ್ರಿಯಲ್ಲಿ ಕಿಣ್ವ ಹಾಕಿ.